ಹತ್ತು ಗಂಟೆಯ ಟೀ ಕೋಣೆ

ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಗುಬ್ಬಿಯ ಹೆಸರಿನ ಪಕ್ಕ ಹಸಿರು ಚುಕ್ಕೆ ಹೊತ್ತಿಕೊಂಡಿತು. ಗುಬ್ಬಿ ತೀರಿಕೊಂಡು ಅಂದಿಗೆ ಹದಿನಾಲ್ಕು ತಿಂಗಳು.

“ಬಂದ್ಲು ನೋಡ್ರಪ್ಪ,” ಎಂದಿತು ಮೇಷ್ಟ್ರ ದನಿ. “ಏನೇ ಗುಬ್ಬಿ, ಟೀ ಆಯ್ತಾ?”

ಸತ್ತವಳ ಕೋಣೆಯಲ್ಲಿ, ಸತ್ತವಳ ಕುರ್ಚಿಯಲ್ಲಿ ಕುಳಿತಿದ್ದ ತಾಯಿ ಎರಡು ತೋರುಬೆರಳುಗಳಿಂದ ಒಂದೊಂದೇ ಅಕ್ಷರ ಒತ್ತಿದಳು. ‘ಈಗ ಕುಡೀತಿದ್ದೀನಿ.’

ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವ ಕಂಪನಿ ಅದು. ಬರೆಯುವವರೆಲ್ಲ ಬೇರೆ ಬೇರೆ ಊರುಗಳಲ್ಲಿ, ತಮ್ಮ ತಮ್ಮ ಮನೆಗಳಲ್ಲಿ. ಒಬ್ಬರಿಗೊಬ್ಬರು ಅಪರಿಚಿತರಾಗಿ ಉಳಿಯಬಾರದೆಂದು ಕಂಪನಿ ಕಂಪ್ಯೂಟರಿನೊಳಗೇ ಒಂದು ಟೀ ಕೋಣೆ ಮಾಡಿಕೊಟ್ಟಿತ್ತು. ದಿನಕ್ಕೆ ಹದಿನೈದು ನಿಮಿಷ, ಕೆಲಸದ ಸುದ್ದಿ ಎತ್ತುವಂತಿಲ್ಲ, ಬರೀ ಹರಟೆ. ಗುಬ್ಬಿಯ ಗುಂಪಿನಲ್ಲಿ ಇನ್ನೂ ಮೂವರಿದ್ದರು: ಎಲ್ಲರನ್ನೂ ತಿದ್ದುವ ಮೇಷ್ಟ್ರು, ಕಂಪ್ಯೂಟರಿನ ರಿಪೇರಿಯೆಲ್ಲ ಬಲ್ಲ ತಂತಿರಾಯ, ಮಾತಿನಮಲ್ಲಿ ಪುಟ್ಟಕ್ಕ.

ಜ್ವರವೆಂದು ಮಲಗಿದ ಮಗಳು ನಾಲ್ಕನೇ ದಿನ ಏಳಲಿಲ್ಲ. ಮೂರು ವಾರದ ಮೇಲೆ ತಾಯಿ ಅವಳ ಲ್ಯಾಪ್‌ಟಾಪ್ ತೆರೆದರೆ ‘ಗುಬ್ಬಿ, ಇದ್ದೀಯಾ?’ ಎಂದು ಮೂವರೂ ಕೇಳಿದ್ದರು. ಇಲ್ಲ ಎಂದು ಬರೆಯಲು ಹೋದ ಬೆರಳು ‘ಇದ್ದೀನಿ’ ಎಂದು ಬರೆದುಬಿಟ್ಟಿತು. ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಮುಚ್ಚಲು ಹತ್ತು ಬೇಕಲ್ಲ. ಮೈಯಲ್ಲಿ ಹುಷಾರಿಲ್ಲ, ಕೆಲಸಕ್ಕೆ ರಜೆ. ಮೈಕೂ ಕೆಟ್ಟಿದೆ, ಕ್ಯಾಮೆರಾವೂ ಕೆಟ್ಟಿದೆ. ಹರಟೆಗೆ ಮಾತ್ರ ಬರುತ್ತೇನೆ. ಯಾರೂ ಮರುಪ್ರಶ್ನೆ ಹಾಕಲಿಲ್ಲ. ಲ್ಯಾಪ್‌ಟಾಪ್ ವಾಪಸು ಕೊಡಿ ಎಂದು ಕೇಳಿಕೊಂಡೂ ಯಾರೂ ಬರಲಿಲ್ಲ. ಇಷ್ಟು ಓದಿಕೊಂಡವರು ಇಷ್ಟೊಂದು ಪೆದ್ದರೇ ಎಂದು ಒಮ್ಮೊಮ್ಮೆ ತಾಯಿಗೇ ಅನಿಸುತ್ತಿತ್ತು.

ಪೊಲೀಸರು, ಕೋರ್ಟು ಎಂಬ ಭಯ ಅವಳಿಗಿರಲಿಲ್ಲ. ಸಿಕ್ಕಿಬಿದ್ದರೆ ‘ಏನೇ ಗುಬ್ಬಿ’ ಎಂದು ಕರೆಯುವವರು ಭೂಮಿಯ ಮೇಲೆ ಒಬ್ಬರೂ ಇರುವುದಿಲ್ಲ, ಅದೊಂದೇ ಭಯ. ಕೆಲವು ದಿನ ತಾನು ಬರೆದದ್ದನ್ನು ಓದಿ ತಾನೇ ಬೆಚ್ಚುತ್ತಿದ್ದಳು. ಅದು ಗುಬ್ಬಿಯದೇ ಕುಚೋದ್ಯ, ಗುಬ್ಬಿಯದೇ ಮಾತು. ಹಿಂದಿರುಗಿ ನೋಡಿದರೆ ಖಾಲಿ ಮಂಚ.

ಮಗಳು ಹೋಗಿ ನಾಲ್ಕು ತಿಂಗಳಾದಾಗ ಒಂದು ದಿನ ಟೀ ಕೋಣೆ ತೆರೆಯಲೇ ಇಲ್ಲ. ತಾಯಿಗೆ ಕೈಕಾಲೇ ಆಡಲಿಲ್ಲ. ಸಂಜೆ ಗುಬ್ಬಿಯ ಫೋನಿಗೆ ತಂತಿರಾಯನ ಸಂದೇಶ ಬಂತು. ‘ಹಳೇ ಕೋಣೆ ಕೆಟ್ಟುಹೋಯ್ತು. ಹೊಸದು ಮಾಡಿದ್ದೀನಿ. ಇದನ್ನ ಒತ್ತು, ಒಳಗೆ ಬರ್ತೀಯ.’ ಒತ್ತಿದಳು, ಮೂವರೂ ಅಲ್ಲಿದ್ದರು. ಆಮೇಲಾಮೇಲೆ ತಂತಿರಾಯನ ದನಿಯ ಹಿಂದೆ ಬಸ್ಸಿನ ಹಾರ್ನು, ಮೇಷ್ಟ್ರ ಹಿಂದೆ ಗಿರಾಕಿಗಳ ಗದ್ದಲ ಕೇಳತೊಡಗಿತು. ಮನೆ ಬದಲಾಯಿಸಿರಬೇಕು ಎಂದುಕೊಂಡಳು.

ಇಂದು ಟೀ ವಿಚಾರ ಮುಗಿಯುತ್ತಲೇ ಮಾತು ತೆಗೆದವಳು ಪುಟ್ಟಕ್ಕ. ಹೆತ್ತು ಇನ್ನೂ ಮೂರು ವಾರವಾಗಿರಲಿಲ್ಲ.

“ಗುಬ್ಬಿ, ಮಗೂಗೆ ಹೆಸರಿಟ್ವಿ ಕಣೇ. ನಿನ್ನ ಹೆಸರೇ.”

ಯಾರೋ ಮೂಗು ಎಳೆದುಕೊಂಡ ಸದ್ದು.

ತಾಯಿಯ ಬೆರಳುಗಳು ನಿಂತುಹೋದವು. ಮೊದಲು ಹಿಗ್ಗು ಬಂತು, ಅದರ ಹಿಂದೆಯೇ ನಾಚಿಕೆ. ಬದುಕಿದ್ದಾಳೆಂದು ನಂಬಿದ ಗೆಳತಿಯ ಹೆಸರನ್ನು ಅವರು ಕೂಸಿಗೆ ಇಟ್ಟಿದ್ದಾರೆ. ನಾಳೆ ಆ ಮಗು ‘ಗುಬ್ಬಿ ಅತ್ತೆ ಎಲ್ಲಿ’ ಎಂದು ಕೇಳಿದರೆ? ಹಸುಗೂಸಿನ ತಲೆಗೂ ತನ್ನ ಸುಳ್ಳನ್ನು ಕಟ್ಟುವುದೇ? ಸಾಕು ಎನಿಸಿತು. ಮುಖಕ್ಕೆ ಮುಖ ಕೊಟ್ಟು ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು.

ಮಗಳ ಗುರುತಿನ ಚೀಟಿಯಲ್ಲಿ ಕಚೇರಿಯ ವಿಳಾಸವಿತ್ತು; ಅಲ್ಲಿ ಕೇಳಿದರೆ ಮೂವರ ಮನೆ ಎಲ್ಲೆಂದು ಗೊತ್ತಾದೀತು. ಮರುದಿನ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಮೂರು ಮಹಡಿ ಹತ್ತಿದಳು. ಬಾಗಿಲ ಮೇಲೆ ಹಲ್ಲಿನ ಡಾಕ್ಟರ ಬೋರ್ಡು. ಹೆಂಗಸೊಬ್ಬಳು ನೆಲ ಒರೆಸುತ್ತಿದ್ದಳು.

“ಸಿನಿಮಾಕ್ಕೆ ಬರೆಯೋ ಕಂಪನಿ ಇದೇ ಅಲ್ವೇನಮ್ಮ?”

“ಇತ್ತು. ಮುಚ್ಚಿ ಹತ್ತು ತಿಂಗಳಾಯ್ತಲ್ಲ.”

“ಇಲ್ಲಮ್ಮ, ನಿನ್ನೆ ತಾನೆ ಮಾತಾಡಿದ್ದೀನಿ. ಮೂರು ಜನ ಇದ್ರು.”

“ಯಾರ ಜೊತೆ ಮಾತಾಡಿದ್ರೋ ಏನೋ. ಕಸ ಗುಡಿಸಿ ಬೀಗ ಹಾಕಿದವಳು ನಾನೇ.”

ಹಾಗಾದರೆ ಹತ್ತು ತಿಂಗಳಿಂದ ದಿನಾ ಹತ್ತಕ್ಕೆ ಬಂದು ಕೂರುತ್ತಿರುವ ಆ ದನಿಗಳು ಯಾರವು? ಸತ್ತವರ ಹೆಸರಿನಲ್ಲಿ ಬರುತ್ತಿದ್ದವಳು ತಾನೊಬ್ಬಳೇಯೋ, ಎಲ್ಲರೂ ಹಾಗೆಯೋ? ಗೋಡೆ ಹಿಡಿದು ನಿಂತಳು.

ಹೆಂಗಸು ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. “ಮೂರು ಜನ ಅಂದ್ರಾ? ಕೊನೇ ದಿನ ಕಂಪ್ಯೂಟರ್ ವಾಪಸ್ ಕೊಡೋಕೆ ಮೂರು ಜನ ಬಂದಿದ್ರು, ನಿಜ. ಇಲ್ಲೇ ಮೆಟ್ಟಿಲ ಮೇಲೆ ಕೂತು ಅಳ್ತಿದ್ರು. ಕೆಲಸ ಹೋಯ್ತು ಅಂತ ಅಳ್ತಿದ್ದಾರೆ ಅಂದ್ಕೊಂಡೆ, ಅವರ ಚಿಂತೆನೇ ಬೇರೆ ಇತ್ತು.”

“ಏನು?”

“‘ಇನ್ನು ಎಲ್ಲೇ ಕೆಲಸಕ್ಕೆ ಸೇರಿದ್ರೂ ಹತ್ತು ಗಂಟೆಗೆ ಮಾತ್ರ ತಪ್ಪಿಸೋ ಹಾಗಿಲ್ಲ, ಗುಬ್ಬಿ ಹೋದ್ಮೇಲೆ ಅವರಮ್ಮಂಗೆ ನಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ’ ಅಂತ ಮಾತಾಡ್ಕೊಳ್ತಿದ್ರು.”