ಚೌಕುಳಿ ಬೈರಾಸು

ಮೈ ಒರೆಸುವ ಬೈರಾಸಿನ ಒದ್ದೆ ವಾಸನೆಗೆ ಈಗಲೂ ಜೆಪ್ಪುವಿನ ನಮ್ಮ ಮನೆಯ ಗೇಟು ನೆನಪಾಗುತ್ತದೆ.

ಆ ಮಧ್ಯಾಹ್ನ ಅಪ್ಪ, ಮಾವ ಹಳೆಯ ಕಾರ್ ರೇಸೊಂದರ ಕ್ಯಾಸೆಟ್ ನೋಡುತ್ತಿದ್ದರು. ಅದರಲ್ಲಿ ಮಳೆ ಜೋರಾಗಿ, ಕೆಂಪು ಬಾವುಟ ಬೀಸಿ ರೇಸನ್ನು ಅರ್ಧಕ್ಕೇ ನಿಲ್ಲಿಸಿದರು.

“ಇಷ್ಟು ಮಳೆಗೆ ನಿಲ್ಲಿಸುವುದಾ ಭಾವ?” ಎಂದ ಮಾವ.

“ನಿಲ್ಲಿಸಿದ್ದಕ್ಕೆ ಎಲ್ಲರೂ ಮನೆಗೆ ಹೋದರು,” ಎಂದರು ಅಪ್ಪ.

ಹೊರಗೂ ಮಳೆ ಸುರಿಯುತ್ತಿತ್ತು. ಮಾವ ಪಡೀಲಿಗೆ ಹೊರಡಲು ಬೈಕ್ ಹತ್ತಿದ.

“ಮಳೆ ಬಿಡಲಿ, ಮತ್ತೆ ಹೋಗು,” ಎಂದಳು ಅಮ್ಮ.

ಗೆದ್ದವರಿಗೆ ಬೀಸುವ ಚೌಕುಳಿ ಬಾವುಟ ನೋಡಲು ಸಿಗಲಿಲ್ಲವೆಂದು ನನಗೆ ಬೇಸರವಾಗಿತ್ತು. ಹಗ್ಗದ ಮೇಲಿನ ಚೌಕುಳಿ ಬೈರಾಸನ್ನು ಎಳೆದು ಗೇಟಿನಲ್ಲಿ ನಿಂತು ಬೀಸಿದೆ. ಮಾವ ನಗುತ್ತಾ ಕೈಯೆತ್ತಿ ವೇಗ ಹೆಚ್ಚಿಸಿದ.

ಸಂಜೆ ಮಾವನ ಬೈಕ್ ದಾರಿಯಲ್ಲಿ ಬಿದ್ದಿದೆಯೆಂದು ಫೋನ್ ಬಂದಾಗ ಅಪ್ಪ ಅದೇ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಓಡಿದರು. ಮರಳುವಾಗ ಅದು ಹೆಗಲ ಮೇಲಿರಲಿಲ್ಲ.