ಮುಳುಗಿದರೆ ಒಳ್ಳೆಯವಳು

ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಇನ್ನೇನು ಗೂಡು ಕಟ್ಟಬೇಕಿದ್ದ ದೊಡ್ಡವೆಂಕಟಪ್ಪನ ರೇಷ್ಮೆಹುಳಗಳು ರಾತ್ರೋರಾತ್ರಿ ಕಪ್ಪಗಾಗಿ ಸತ್ತವು. ಬೆಳಗಾಗುವಷ್ಟರಲ್ಲಿ ಕಾರಣವೂ ಸಿಕ್ಕಿತು. ಹಿಂದಿನ ದಿನ ಒಲೆಗೆ ಕೆಂಡ ಕೇಳಲು ಬಂದ ಮುದುಕಿ ಅಕ್ಕಯಮ್ಮ ಹುಳದ ತಟ್ಟೆಗೆ ಇಣುಕಿ, "ಬಲು ಚೆಂದಾಗವೆ ಕಣೇ" ಅಂದಿದ್ದಳು. ಹುಳದ ಮನೆಯಲ್ಲಿ ಆಡಬಾರದ ಮಾತೆಂದರೆ ಅದೊಂದೇ; ದೃಷ್ಟಿ ತಾಕುತ್ತದೆ. ಸಂಜೆ ಅರಳಿಕಟ್ಟೆಯಲ್ಲಿ ಸೇರಿ ಅವಳನ್ನು ದೇವರಾಯಸಮುದ್ರದಿಂದಲೇ ಓಡಿಸುವುದೆಂದು ಊರು ಬೆಳಿಗ್ಗೆಯೇ ಮಾತಾಡಿಕೊಂಡಿತು.

ದೊಡ್ಡವರಿಗೆ ಬುದ್ಧಿ ಹೇಳುವಷ್ಟು ಗುಂಡಿಗೆ ಊರ ಶಾಲೆಯ ಮುನಿಕೃಷ್ಣಪ್ಪ ಮೇಷ್ಟ್ರಿಗಿರಲಿಲ್ಲ. ಮಕ್ಕಳಿಗೆ ಹೇಳಿದರೆ ಅವರೇ ಮನೆಗೆ ಹೊತ್ತುಕೊಂಡು ಹೋಗುತ್ತಾರೆಂದು ಮಗ್ಗಿ ಬದಿಗಿಟ್ಟು ಹಳೇ ಕಾಲದ ಇಂಗ್ಲೆಂಡಿನ ಕಥೆ ತೆಗೆದರು. ಅಲ್ಲಿ ಹಸು ಸತ್ತರೆ, ಹಾಲು ಒಡೆದರೆ ಯಾವಳೋ ಮುದುಕಿಯನ್ನು ಹಿಡಿದು ಮಾಟಗಾತಿ ಅನ್ನುತ್ತಿದ್ದರಂತೆ.

"ಕೈಕಾಲು ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಕೆರೆಗೆ ಹಾಕ್ತಿದ್ರು ಕಣ್ರೋ. ತೇಲಿದ್ರೆ ಮಾಟಗಾತಿ, ನೇಣು. ಮುಳುಗಿದ್ರೆ ಒಳ್ಳೆಯವಳು."

"ಮುಳುಗಿದ್ರೆ ಸತ್ತೋಗಲ್ವಾ ಸಾ?" ಎಂದ ಕದಿರೇಶ.

"ಹಗ್ಗ ಮೇಲಕ್ಕೆಳೆಯೋ ಹೊತ್ತಿಗೆ ಎಷ್ಟೋ ಜನ ಸತ್ತಿರೋರು. ಪಾಪ, ಒಳ್ಳೆಯವಳೇ ಇದ್ಲು ಅಂತ ಮಣ್ಣು ಮಾಡೋರು."

ಮಕ್ಕಳು ಬಿದ್ದು ಬಿದ್ದು ನಕ್ಕರು. "ಇಂಥಾ ದಡ್ಡರ ಕೈಗಾ ಸಾ ನಮ್ ದೇಶ ಸಿಕ್ಕಿದ್ದು?"

ಪಾಠ ನಾಟಿತೆಂದು ಮೇಷ್ಟ್ರು ಹಿಗ್ಗಿದರು. "ಹಂಗಾದ್ರೆ ಹೇಳಿ, ನಮ್ಮೂರ ಹುಳ ಸತ್ತಿದ್ದು ಅಕ್ಕಯಮ್ಮನ ಕಣ್ಣಿಂದಲಾ? ಅವಳೊಬ್ಬಳೇನಾ ನೋಡಿದ್ದು?"

ಹರಿಕಥೆಯಲ್ಲಿ ಆರತಿ ತಟ್ಟೆ ಎದುರಿಗೆ ಬಂದಂತೆ ಎಲ್ಲರೂ ತಲೆ ತಗ್ಗಿಸಿದರು. ದೊಡ್ಡವೆಂಕಟಪ್ಪನ ಮಗಳು ಗಂಗರತ್ನ ಮಾತ್ರ ಎದ್ದು ನಿಂತಳು.

"ಇಲ್ಲ ಸಾ. ಅವಳಿಗಿಂತ ಮುಂಚೆ ನೀವೇ ಬಂದಿದ್ರಿ. ಭೇಷ್, ಬೆರಳು ಗಾತ್ರ ಆಗಿದಾವೆ ಅಂದ್ರಿ."

"ನಮ್ ಗಬ್ಬದ ಎಮ್ಮೆ ದಿನ ತುಂಬೋ ಮುಂಚೆ ಕಂದು ಹಾಕಿದ್ದೂ ಇವ್ರು ಊರಿಗೆ ಬಂದ ವರ್ಷವೇ ಕಣೇ," ಎಂದ ಕದಿರೇಶ, ಲೆಕ್ಕ ಬಿಡಿಸಿದವನ ಗತ್ತಿನಲ್ಲಿ. ಬಾವಿ ಕುಸಿದದ್ದು, ತಾತನ ಕಾಲು ಮುರಿದದ್ದು ಹಿಂದಿನ ಸಾಲಿನ ಹುಡುಗರಿಗೆ ನೆನಪಾಯಿತು. ಶಾಲೆ ಬಿಟ್ಟ ಮೇಲೆ ಮಕ್ಕಳು, ಮೇಷ್ಟ್ರು ಬಯಸಿದ್ದಂತೆಯೇ, ಕಲಿತದ್ದನ್ನು ಮನೆಮನೆಗೂ ಮುಟ್ಟಿಸಿದರು.

ಸಂಜೆ ಅರಳಿಕಟ್ಟೆಯ ಗದ್ದಲಕ್ಕೆ ಕಿವಿಗೊಟ್ಟು ಮೇಷ್ಟ್ರು ತಮ್ಮ ಮನೆಯೊಳಗೇ ಕೂತಿದ್ದರು. ಬಾಗಿಲು ದೂಡಿಕೊಂಡು ಅಕ್ಕಯಮ್ಮ ಬಂದಳು. ಕೈಯಲ್ಲೊಂದು ಹಳೇ ಸೀರೆಯ ತುಂಡು.

"ನನ್ನ ಬಿಟ್ರು ಮೇಷ್ಟ್ರೇ. ಊರು ಬಿಡಕ್ಕೆ ಕಟ್ಟಿಟ್ಟಿದ್ದ ಗಂಟು ಬಿಚ್ಚಾಕಿ ಬಂದೆ. ತಗಳಿ, ಈ ಬಟ್ಟೆ ನಿಮ್ ಗಂಟಿಗಾಯ್ತದೆ. ಈಗ ನಿಮ್ ಕಣ್ಣಿನ ಮಾತೇ ಆಡ್ತಾವ್ರೆ. ಅದೇನೋ ಕೆರೆ ಕತೆ ಹೇಳಿದ್ರಂತಲ್ಲ, ಎಲ್ಲಾರ್ಗೂ ಬಲು ಹಿಡಿಸೈತೆ."

ಮೇಷ್ಟ್ರು ಎದ್ದು ಕಿಟಕಿ ಮುಚ್ಚಿದರು.

"ಈಜು ಬರ್ತದಾ?" ಅಂದಳು ಮುದುಕಿ.

"ಬರ್ತದೆ."

ಅವಳು ಬಾಗಿಲಾಚೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಹಂಗಾದ್ರೆ ತೇಲ್ತೀರಿ. ಯಾರ್ ಮುಂದೂ ಬಾಯ್ಬಿಡಬ್ಯಾಡಿ."