ಕಾಲುವೆಯ ಬಾಯಲ್ಲಿ ಮನೆ

ನೀರು ಹೊಸ್ತಿಲಿಗೆ ಮೂರು ಬೆರಳು ದೂರದಲ್ಲಿತ್ತು. ಖೇತಿ ಮನೆಯ ಮುಂದಿನ ಮಣ್ಣಿನ ಒಡ್ಡಿಗೆ ಕೆಸರು ಬಾಚಿ ಬಾಚಿ ಮೆತ್ತುತ್ತಿದ್ದ. ಹೆಂಡತಿ ನೆಬೆತ್ ಚಾಪೆ, ಗಡಿಗೆ, ಎರಡು ಬಾತುಕೋಳಿ ಎಲ್ಲವನ್ನೂ ದೋಣಿಗೆ ಸಾಗಿಸಿ ತಾನೂ ಹತ್ತಿ ಕೂತಿದ್ದಳು. ದಿಬ್ಬದ ಮೇಲಿನ ಊರಿನವರು ಮಾತ್ರ ತಮಟೆ ಬಡಿದು ಕುಣಿಯುತ್ತಿದ್ದರು. ಮೂರು ವರ್ಷ ಮುನಿಸಿಕೊಂಡಿದ್ದ ಹಾಪಿ ದೇವರು ಈ ಸಲ ನೈಲ್ ನದಿಯನ್ನು ತುಂಬಿಸಿ ಕಳಿಸಿದ್ದ.

ಅತ್ತೆಯ ಮನೆಯಲ್ಲಿದ್ದು 'ಮನೆ ಅಳಿಯ' ಅನ್ನಿಸಿಕೊಂಡು ಸಾಕಾಗಿ ಖೇತಿ ಹೋದ ಚಳಿಗಾಲದಲ್ಲಷ್ಟೇ ಈ ಹಸಿ ಇಟ್ಟಿಗೆಯ ಮನೆ ಕಟ್ಟಿದ್ದ. ಜಾಗ ಖಾಲಿ ಬಿದ್ದಿತ್ತು, ಯಾರೂ ಬೇಡ ಅನ್ನಲಿಲ್ಲ. ಅದು ಒಣಗಿದ ಕಾಲುವೆಯ ಬಾಯಿ. ನದಿ ಈ ದಾರಿ ಮರೆತಿರುತ್ತದೆ ಅಂದುಕೊಂಡ. ನದಿಗೆ ಮರೆವು ಎಲ್ಲಿಂದ ಬರಬೇಕು! ಕಾಲುವೆಯ ಆ ತುದಿಯಲ್ಲಿ ಅತ್ತೆ ಹೆನುತಳ ಒಂದೇ ಒಂದು ಹೊಲ ಬಿರುಕು ಬಿಟ್ಟು ಬಿದ್ದಿತ್ತು.

ಹೆನುತ್ ಗುದ್ದಲಿ ಹೆಗಲಿಗೇರಿಸಿಕೊಂಡು ಮೊಣಕಾಲುದ್ದದ ನೀರಿನಲ್ಲಿ ಬಂದಳು.

"ಏನ್ ಅಳಿಯಂದ್ರೇ, ಕಟ್ತಿರೋದು ಮನೇನೋ, ಅಣೆಕಟ್ಟೋ?"

"ಸುಮ್ನಿರಿ ಅತ್ತೆ. ಇನ್ನೆರಡು ದಿನ ತಡ್ಕೊಂಡ್ರೆ ನೀರು ಇಳಿಯುತ್ತೆ."

"ಇಳಿಯುತ್ತೆ. ನಿನ್ ಮನೆ ಉಳಿಯುತ್ತೆ. ನನ್ ಹೊಲ ನಾಲಿಗೆ ಚಾಚ್ಕೊಂಡು ಇನ್ನೊಂದ್ ವರ್ಷ ಬಿದ್ದಿರ್ಲಿ, ಅಲ್ವಾ?"

ಖೇತಿ ತಲೆ ಎತ್ತಲಿಲ್ಲ. "ಒಡ್ಡು ಒಡೀಬೇಕಿದ್ರೆ ನೀವೇ ಒಡೀರಿ."

"ಅಳಿಯನ ಮನೆ ಕೆಡವಿದೋಳು ಅನ್ನಿಸ್ಕೊಳ್ಳೋಕೆ ನಂಗೇನ್ ಹುಚ್ಚಾ? ಆದ್ರೆ ನೋಡಪ್ಪಾ, ಸತ್ತ್ ಮೇಲೆ ದೇವ್ರುಗಳ ಮುಂದೆ ನಿಲ್ಲಿಸ್ತಾರೆ. ಗುಂಡಿಗೇನ ತಕ್ಕಡೀಲಿ ಇಟ್ಟು, 'ಹರಿಯೋ ನೀರಿಗೆ ಅಡ್ಡ ಕಟ್ಟಿದ್ಯಾ' ಅಂತ ಕೇಳ್ತಾರೆ. ಆಗೇನ್ ಹೇಳ್ತೀಯಾ?"

"ಕಟ್ಟಿಲ್ಲ ಅಂತೀನಿ."

"ಹೇಳು, ಹೇಳು. ನಿನಗಿಂತ ಮುಂಚೆ ನಾನ್ ಹೋಗಿರ್ತೀನಿ. ತಕ್ಕಡಿ ಪಕ್ಕದಲ್ಲೇ ಕೂತಿರ್ತೀನಿ."

ದೋಣಿಯಲ್ಲಿದ್ದ ನೆಬೆತ್ ಬಾತುಕೋಳಿಯನ್ನು ಅಪ್ಪಿಕೊಂಡು ನಗತೊಡಗಿದಳು. ಖೇತಿಗೂ ನಗು ಬಂತು. ಆದರೆ ಆ ಗೋಡೆಗಳನ್ನು ಅವನು ಒಬ್ಬನೇ ಕಟ್ಟಿದ್ದ. ಬಾಗಿಲ ಪಕ್ಕ ನೆಬೆತ್ ಬರೆದ ನೀಲಿ ತಾವರೆಯ ಬಣ್ಣ ಇನ್ನೂ ಹೊಸದಾಗಿತ್ತು. ಅದನ್ನೊಮ್ಮೆ ಕಣ್ಣು ತುಂಬ ನೋಡಿ, ಅತ್ತೆಯ ಕೈಯಿಂದ ಗುದ್ದಲಿ ಕಿತ್ತುಕೊಂಡ. ಒಡ್ಡಿಗೆ ನಾಲ್ಕು ಏಟು ಹಾಕಿ ಪಕ್ಕಕ್ಕೆ ಹಾರಿದ.

ನದಿ ಬಾಗಿಲಿನಿಂದ ಒಳಗೆ ನುಗ್ಗಿತು. ಬಿಯರಿನಲ್ಲಿ ಅದ್ದಿದ ರೊಟ್ಟಿಯಂತೆ ಗೋಡೆಗಳು ಮೆತ್ತಗಾಗಿ, ಮೊದಲು ತಾವರೆ, ಆಮೇಲೆ ಸೂರು, ಎಲ್ಲವೂ ಕೂತುಬಿಟ್ಟವು. ದಿಬ್ಬದ ಮೇಲೆ ಜನ ಹೋ ಎಂದು ಕೂಗಿದರು. ತಾನೂ ಅವರ ಜೊತೆ ಕೂಗುತ್ತಿದ್ದೇನೆ ಎಂದು ಖೇತಿಗೆ ಆಮೇಲೆ ಗೊತ್ತಾಯಿತು. ಕೆಂಪು ನೀರು ಕಾಲುವೆ ಹಿಡಿದು ಓಡಿತು. ಅದರ ಬೆನ್ನಿಗೇ, ಅರವತ್ತು ದಾಟಿದ ಹೆನುತ್ ಓಡಿದಳು.

ಅವಳು ತಿರುಗಿ ಬಂದಾಗ ಸೊಂಟದವರೆಗೆ ಕೆಸರು, ಕಣ್ಣಲ್ಲಿ ನೀರು. ಅಳಿಯನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಬಾರ್ಲಿ ಕೊಯ್ಲು ಆಗ್ಲಿ, ನಿಂಗೆ ಹೊಸ ಮನೆ ಕಟ್ಟಿಸ್ಕೊಡ್ತೀನಿ."

"ದಿಬ್ಬದ ಮೇಲೆ ಅತ್ತೆ. ಆ ಕೊನೇಲಿ, ನಿಮ್ಮನೆಯಿಂದ ದೂರ."

"ಉಹೂಂ, ಇಲ್ಲೇ." ಹೆನುತ್ ಕಣ್ಣೊರೆಸಿಕೊಂಡಳು. "ಮೂರು ವರ್ಷ ಕರೆದ್ರೂ ಬರ್ದೇ ಇದ್ದ ಹಾಪಿ, ನೀನು ಅಡ್ಡ ಮನೆ ಕಟ್ಟಿದ್ ತಕ್ಷಣ ಹೆಂಗ್ ಓಡ್ಬಂದ ನೋಡು!"